ಇಪ್ಪತ್ತಾರು ಫೋನ್ ಕರೆಗಳು

14 ಮಾರ್ಚ್ 2025, ಶುಕ್ರವಾರ

ಸಾರ್ವಜನಿಕ ಸಂಪರ್ಕ ಸಂಸ್ಥೆಯೊಂದರಲ್ಲಿ ನನ್ನ ಇಂಟರ್ನ್‌ಶಿಪ್ ಆರಂಭವಾಗಿ ಇಂದಿಗೆ ಒಂಬತ್ತು ವಾರ ತುಂಬಿತು. ಇಷ್ಟು ದಿನ ಕಲಿತದ್ದನ್ನೆಲ್ಲ ಒಂದು ಕಡೆ ಬರೆದಿಡಬೇಕೆಂದು ಸೋಮವಾರದಿಂದಲೂ ಅಂದುಕೊಳ್ಳುತ್ತಿದ್ದೆ. ಆದರೆ ಇಂದು ಸಂಜೆ ನಾಲ್ಕರಿಂದ ಏಳರವರೆಗೆ ನಡೆದದ್ದು ಮನಸ್ಸನ್ನು ಪೂರ್ತಿ ಆವರಿಸಿಕೊಂಡಿರುವುದರಿಂದ ಅದನ್ನೇ ಬರೆಯುತ್ತೇನೆ.

ಕ್ಲೈಂಟ್ ಸಂಸ್ಥೆಯೊಂದರ ವಿದ್ಯಾರ್ಥಿವೇತನ ಯೋಜನೆಯ ಬಗ್ಗೆ ಪತ್ರಿಕಾ ಪ್ರಕಟಣೆ ಸಿದ್ಧಪಡಿಸುವ ಕೆಲಸ ಮೊದಲ ಬಾರಿಗೆ ಪೂರ್ತಿಯಾಗಿ ನನ್ನ ಪಾಲಿಗೆ ಬಂದಿತ್ತು. ಮುಖ್ಯ ಸಂಗತಿ ಮೊದಲ ಪ್ಯಾರಾದಲ್ಲೇ ಬರಬೇಕು, ಪುಟದಲ್ಲಿ ಜಾಗ ಸಾಲದೆ ಉಪಸಂಪಾದಕರು ಕೊನೆಯಿಂದ ಕತ್ತರಿಸುತ್ತ ಬಂದರೂ ಸುದ್ದಿ ಕೆಡಬಾರದು ಎಂಬ ಪಾಠ ಈಗ ಕೈಗೆ ಹತ್ತಿದೆ. ‘1,240 ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ’ ಎಂಬ ಶೀರ್ಷಿಕೆಯೂ ಚೆನ್ನಾಗಿ ಕೂತಿತ್ತು. ನನ್ನ ಕೆಲಸ ನೋಡಿಕೊಳ್ಳುವ ಮೇಡಂ ಭಾಷೆಯನ್ನು ಒಪ್ಪಿ, ‘ಅಂಕಿಅಂಶ ಖಚಿತಪಡಿಸಿಕೊಂಡಿದ್ದೀರಾ?’ ಎಂದು ಕೇಳಿದಾಗ ಹೌದು ಎಂದೆ. ಕ್ಲೈಂಟ್ ಕಳಿಸಿದ ಇಮೇಲ್‌ನಲ್ಲಿ ಆ ಸಂಖ್ಯೆ ಇದ್ದದ್ದು ನಿಜ. ಅದು ಯಾವುದರ ಸಂಖ್ಯೆ ಎಂದು ಮಾತ್ರ ನಾನು ವಿಚಾರಿಸಿರಲಿಲ್ಲ.

4.10ಕ್ಕೆ ಪ್ರಕಟಣೆ 26 ವರದಿಗಾರರಿಗೆ ಹೋಯಿತು. 4.35ಕ್ಕೆ ಅವರಲ್ಲೊಬ್ಬರು ಫೋನ್ ಮಾಡಿ, ‘ಒಟ್ಟು ಮೊತ್ತವನ್ನು 1,240ರಿಂದ ಭಾಗಿಸಿದರೆ, ತಲಾ ಇಷ್ಟು ಎಂದು ನೀವೇ ಮೂರನೇ ಪ್ಯಾರಾದಲ್ಲಿ ಬರೆದದ್ದಕ್ಕೆ ತಾಳೆಯಾಗುತ್ತಿಲ್ಲವಲ್ಲ?’ ಎಂದರು. ಅವರ ದನಿಯಲ್ಲಿ ಆಕ್ಷೇಪ ಇರಲಿಲ್ಲ, ಅನುಮಾನ ಮಾತ್ರ ಇತ್ತು. ಕ್ಲೈಂಟ್ ಕಚೇರಿಗೆ ಕರೆ ಮಾಡಿದಾಗ ಗೊತ್ತಾಯಿತು: 1,240 ಎಂಬುದು ಬಂದ ಅರ್ಜಿಗಳ ಸಂಖ್ಯೆ, ವಿದ್ಯಾರ್ಥಿವೇತನ ಪಡೆದವರು 312 ಮಂದಿ. ನನ್ನ ಅಂಗೈ ಬೆವರಿತು. ಪ್ರಕಟಣೆ ಕಳಿಸುವ ಮೊದಲು ಆ ಭಾಗಾಕಾರವನ್ನು ನಾನು ಮಾಡಿದ್ದರೆ ಒಂದೇ ನಿಮಿಷದಲ್ಲಿ ತಪ್ಪು ಸಿಕ್ಕಿಬಿಡುತ್ತಿತ್ತು.

ಮೇಡಂ ಬೈಯಲಿಲ್ಲ. ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, ಯಾವ ಪತ್ರಿಕೆಯ ಪುಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ನೋಡಿ ಪಟ್ಟಿಯನ್ನು ಮರುಜೋಡಿಸಿಕೊಟ್ಟರು. ವೆಬ್‌ಸೈಟ್‌ಗಳಿಗೆ ಬರೆಯುವವರು ಮೊದಲು, ಬೇಗ ಮುಗಿಯುವ ಪುಟದವರು ಆಮೇಲೆ, ಉಳಿದವರು ಕೊನೆಗೆ. ‘ತಿದ್ದುಪಡಿ’ ಎಂಬ ಪದದಿಂದಲೇ ಆರಂಭವಾಗುವ ವಿಷಯ ಸಾಲಿನೊಂದಿಗೆ ಹೊಸ ಇಮೇಲ್ ಕಳಿಸಿದ ಮೇಲೂ, ಅದನ್ನು ನೋಡದೆ ಇರುವವರು ಇದ್ದೇ ಇರುತ್ತಾರೆಂದು ಎಲ್ಲರಿಗೂ ಫೋನ್ ಮಾಡಬೇಕೆಂದರು. ‘ಸಮಜಾಯಿಷಿ ಬೇಡ. ಏನು ತಪ್ಪಾಗಿದೆ, ಸರಿಯಾದದ್ದು ಯಾವುದು, ಇಷ್ಟನ್ನು ಮೊದಲು ಹೇಳಿ. ಕ್ಷಮೆ ಆಮೇಲೆ ಕೇಳಿ. ಅವರಿಗೆ ಸಮಯವಿಲ್ಲ’ ಎಂದದ್ದು ಇನ್ನೂ ಕಿವಿಯಲ್ಲಿದೆ. ಮೊದಲ ಮೂರು ಕರೆಗಳಲ್ಲಿ ನಾನು ತಡವರಿಸಿದೆ. ಹತ್ತನೆಯ ಕರೆಯ ಹೊತ್ತಿಗೆ ವಿಷಯವನ್ನು ಎರಡೇ ವಾಕ್ಯಗಳಲ್ಲಿ ಹೇಳುವುದು ಸಾಧ್ಯವಾಯಿತು. ಇಬ್ಬರು ಆಗಲೇ ಸುದ್ದಿಯನ್ನು ವೆಬ್‌ಸೈಟ್‌ಗೆ ಹಾಕಿದ್ದರು. ಅವರು ಅಲ್ಲೇ ಬದಲಾಯಿಸಿದರು.

ಈ ನಡುವೆ ಕ್ಲೈಂಟ್ ಕಡೆಯ ಅಧಿಕಾರಿಯೊಬ್ಬರು, ಹೇಗೂ ಹೋಗಿಬಿಟ್ಟಿದೆ, ದೊಡ್ಡ ಸಂಖ್ಯೆ ಹಾಗೇ ಇದ್ದರೆ ನಷ್ಟವೇನು ಎಂಬ ಅರ್ಥದಲ್ಲಿ ಮಾತನಾಡಿದರು. ಮೇಡಂ ಅಷ್ಟೇ ಮೆದುವಾಗಿ, ಅಷ್ಟೇ ಗಟ್ಟಿಯಾಗಿ ಆಗುವುದಿಲ್ಲ ಎಂದರು. ಉಳಿದ 928 ಅರ್ಜಿದಾರರ ಮನೆಗಳಿಗೂ ನಾಳೆ ಪತ್ರಿಕೆ ಹೋಗುತ್ತದೆ ಎಂದು ಅವರು ಹೇಳಿದಾಗ ಆ ಕಡೆ ಮಾತು ನಿಂತಿತು. ಸಾರ್ವಜನಿಕ ಸಂಪರ್ಕ ಎಂಬ ಹೆಸರಿನಲ್ಲಿರುವ ಸಾರ್ವಜನಿಕರು ಯಾರು ಎಂಬುದನ್ನು ಇಷ್ಟು ನೇರವಾಗಿ ಯಾರೂ ನನಗೆ ತೋರಿಸಿಕೊಟ್ಟಿರಲಿಲ್ಲ.

ಈ ವೃತ್ತಿಯ ಆರಂಭಕಾಲದವರಲ್ಲಿ ಒಬ್ಬರಾದ ಅಮೆರಿಕದ ಐವಿ ಲೀ 1906ರಲ್ಲಿ, ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡುತ್ತಿದ್ದಾಗ, ಪತ್ರಿಕೆಗಳಿಗೆ ತಮ್ಮ ತತ್ತ್ವಗಳ ಘೋಷಣೆಯೊಂದನ್ನು ಕಳಿಸಿದ್ದರು. ನಮ್ಮದು ಗುಪ್ತ ಪ್ರಚಾರ ಕಚೇರಿಯಲ್ಲ, ನಾವು ಕೊಡುವುದು ನಿಖರವಾಗಿರುತ್ತದೆ, ಯಾವುದೇ ಸಂಗತಿಯನ್ನು ನೇರವಾಗಿ ಪರಿಶೀಲಿಸಲು ಬಯಸುವ ಸಂಪಾದಕರಿಗೆ ಸಂತೋಷದಿಂದ ನೆರವಾಗುತ್ತೇವೆ ಎಂಬುದು ಅದರ ತಾತ್ಪರ್ಯ. ಅದನ್ನು ನಾನು ಪತ್ರಕರ್ತರಿಗೆ ತೋರುವ ಸೌಜನ್ಯ ಎಂದು ಓದಿಕೊಂಡಿದ್ದೆ. ಅದರ ಭಾರ ಬೀಳುವುದು ನಮ್ಮ ಮೇಲೆ: ನಾನೇ ಪರಿಶೀಲಿಸದ ಸಂಗತಿಯನ್ನು ಇನ್ನೊಬ್ಬರು ಪರಿಶೀಲಿಸಲು ನಾನು ಹೇಗೆ ನೆರವಾಗಲಿ?

ದೊಡ್ಡ ಸಂಖ್ಯೆಯ ಸೆಳೆತ ನನ್ನಲ್ಲೂ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಬುಧವಾರವಷ್ಟೇ ಕ್ಲಿಪ್ಪಿಂಗ್‌ಗಳ, ಅಂದರೆ ಪತ್ರಿಕೆಗಳಲ್ಲಿ ಬಂದ ನಮ್ಮ ಸುದ್ದಿಯ ತುಣುಕುಗಳ, ವರದಿ ಮಾಡುವಾಗ, ಸುದ್ದಿ ಬಂದ ಜಾಗವನ್ನು ಸೆಂಟಿಮೀಟರಿನಲ್ಲಿ ಅಳೆದು ಜಾಹೀರಾತು ದರದಿಂದ ಗುಣಿಸಿ ಭಾರಿ ಮೊತ್ತವೊಂದನ್ನು ಬರೆದಿದ್ದೆ. ಸಂವಹನ ಮಾಪನ ಕ್ಷೇತ್ರದವರು 2010ರಲ್ಲಿ ಬಾರ್ಸಿಲೋನಾದಲ್ಲಿ ಒಪ್ಪಿಕೊಂಡ ತತ್ತ್ವಗಳಲ್ಲಿ, ಜಾಹೀರಾತು ದರಕ್ಕೆ ಸಮ ಮಾಡಿ ಕಟ್ಟುವ ಈ ಬೆಲೆ ಸಾರ್ವಜನಿಕ ಸಂಪರ್ಕದ ಮೌಲ್ಯವಲ್ಲ ಎಂಬುದೂ ಒಂದು ಎಂದು ವಿವರಿಸಿ, ಮೇಡಂ ಆ ಕಾಲಂ ತೆಗೆಸಿದರು. ಅದರ ಬದಲು, ಅರ್ಜಿ ಸಲ್ಲಿಸುವ ಕ್ರಮವನ್ನು ಓದುಗರು ಸುದ್ದಿಯಿಂದ ಸರಿಯಾಗಿ ತಿಳಿದುಕೊಂಡರೇ ಎಂಬುದನ್ನು ಹುಡುಕಿ ಎಂದಿದ್ದರು.

ಏಳು ಗಂಟೆಯ ಹೊತ್ತಿಗೆ ಕೊನೆಯ ಕರೆಯೂ ಮುಗಿಯಿತು. ಆಮೇಲೆ ಹಳೆಯ ಪ್ರಕಟಣೆಯ ಪ್ರತಿಯನ್ನು ಮುದ್ರಿಸಿಕೊಂಡು, ಪ್ರತಿಯೊಂದು ಸಂಖ್ಯೆ, ಹೆಸರು, ದಿನಾಂಕದ ಪಕ್ಕದಲ್ಲಿ ಅದು ಯಾರಿಂದ ಬಂತು, ಯಾವಾಗ ಬಂತು, ಯಾವುದರ ಲೆಕ್ಕ ಎಂದು ಪೆನ್ಸಿಲ್‌ನಲ್ಲಿ ಬರೆಯುತ್ತ ಹೋದೆ. ಒಂದೂವರೆ ಪುಟದಲ್ಲಿ ಅಂಥ ಹದಿನೇಳು ಸ್ಥಳಗಳಿದ್ದವು. ಅವುಗಳಲ್ಲಿ ಆರಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೊರಡುವಾಗ, ತಪ್ಪು ಹಿಡಿದ ಅದೇ ವರದಿಗಾರರ ಸಂದೇಶ ಬಂತು: ‘312ರಲ್ಲಿ ವಿದ್ಯಾರ್ಥಿನಿಯರು ಎಷ್ಟು?’ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ, ದಾಖಲೆ ನೋಡಿ ಸೋಮವಾರ ಹತ್ತು ಗಂಟೆಯೊಳಗೆ ತಿಳಿಸುತ್ತೇನೆ ಎಂದು ಉತ್ತರಿಸಿದೆ. ಕ್ಲೈಂಟ್ ಕಚೇರಿ ಒಂಬತ್ತಕ್ಕೆ ತೆರೆಯುತ್ತದೆ.