ಚಿಲಿಗೆ ಪಾಠ ಹೇಳಲು ಹೊರಟವರು ಮೊದಲು ಬಸ್ ಟಿಕೆಟ್ ಓದಿ

ಮೊದಲು ಬಸ್ಸಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯುರಿ ಇಳಿಯಲ್ಲ. ರಾಜಧಾನಿ ಸ್ಯಾಂಟಿಯಾಗೋದಿಂದ ದಕ್ಷಿಣದ ಟೆಮುಕೊ ಪಟ್ಟಣಕ್ಕೆ ಸುಮಾರು 680 ಕಿಲೋಮೀಟರ್, ರಾತ್ರಿಯಿಡೀ ಪ್ರಯಾಣ. ಕೌಂಟರಿನಲ್ಲಿ ‘ಸಲೋನ್ ಕಾಮಾ’ ಕೇಳಿದೆ. ಅದರಲ್ಲಿ ಸೀಟು ಹೆಚ್ಚುಕಮ್ಮಿ ಮಂಚದಷ್ಟು ಹಿಂದಕ್ಕೆ ಹೋಗುತ್ತದೆ. ಕೌಂಟರಿನವನು ತಲೆಯಾಡಿಸಿ ಅದರ ದುಡ್ಡೇ ತೆಗೆದುಕೊಂಡ. ಟಿಕೆಟ್ಟಿನಲ್ಲಿ ಇದ್ದದ್ದು ‘ಸೆಮಿ ಕಾಮಾ’, ಅಂದರೆ ಅರ್ಧ ಮಾತ್ರ ಹಿಂದಕ್ಕೆ ವಾಲುವ ಸೀಟು. ನಾನು ಅದನ್ನು ಓದಿದ್ದು ಬಸ್ ಹತ್ತಿದ ಮೇಲೆ. ಕೊನೆ ಸಾಲು, ಪಕ್ಕದಲ್ಲೇ ಟಾಯ್ಲೆಟ್, ಅದರ ಚಿಲಕ ಕೆಟ್ಟಿತ್ತು. ಪ್ರತಿ ತಿರುವಿಗೂ ಬಾಗಿಲು ಧಡ್ ಅಂತ ನನ್ನ ಮೊಣಕೈಗೆ ಬಡಿಯೋದು. ಕೌಂಟರ್ ಬಿಡುವ ಮುಂಚೆಯೇ ಟಿಕೆಟ್ ಓದಿ, ಸ್ಪ್ಯಾನಿಷ್ ಬರದಿದ್ದರೂ ಆ ಎರಡು ಪದ ಗುರುತಿಟ್ಟುಕೊಳ್ಳಿ.

ಎರಡನೇ ಟೋಪಿ ನಾನೇ ದುಡ್ಡು ಕೊಟ್ಟು ಹಾಕಿಸಿಕೊಂಡದ್ದು. ಶಾಲೆಯಲ್ಲಿ ಪಾಠ ಮಾಡುವ ಸ್ವಯಂಸೇವೆಗೆ ಅಂತ ಒಂದು ಏಜೆನ್ಸಿಗೆ ದೊಡ್ಡ ಮೊತ್ತ ಕಟ್ಟಿದ್ದೆ. ಅದರಲ್ಲಿ ಒಂದು ಪೆಸೊ ಕೂಡ ಶಾಲೆಗೆ ಬಂದಿಲ್ಲ ಅಂತ ಅಲ್ಲಿ ಹೋದಮೇಲೆ ಗೊತ್ತಾಯಿತು. ಚಿಲಿಯ ಶಿಕ್ಷಣ ಇಲಾಖೆಯದೇ ‘ಇಂಗ್ಲೆಸ್ ಆಬ್ರೆ ಪುಯೆರ್ತಾಸ್’ (ಇಂಗ್ಲಿಷ್ ಬಾಗಿಲು ತೆರೆಯುತ್ತದೆ) ಅನ್ನೋ ಕಾರ್ಯಕ್ರಮ ಇದೆ. ಹೊರದೇಶದವರನ್ನು ಸರ್ಕಾರಿ ಶಾಲೆಗಳಿಗೆ ಕಳಿಸಿ, ಯಾರದಾದರೂ ಮನೆಯಲ್ಲಿ ಉಳಿಸಿದ್ದೂ ಅವರೇ. ನೀವು ಹೋಗುವ ವರ್ಷ ಜನ ತೆಗೆದುಕೊಳ್ತಿದ್ದಾರಾ ಅಂತ ಮೊದಲು ಅಲ್ಲಿ ವಿಚಾರಿಸಿ. ವೀಸಾ ವಿಷಯಕ್ಕೂ ಏಜೆನ್ಸಿ ಮಾತು ಬೇಡ, ದೆಹಲಿಯ ರಾಯಭಾರ ಕಚೇರಿಯನ್ನೇ ಕೇಳಿ.

ಚಿಲಿಯೊಳಗೆ ಹೋಗುವಾಗ ತುಂಬಬೇಕಾದ ಫಾರಂನಲ್ಲಿ ತಿಂಡಿ, ಪುಡಿ, ಕಾಳು ಏನಿದ್ದರೂ ಬರೆದುಬಿಡಿ. ಮುಚ್ಚಿಟ್ಟರೆ ದಂಡ. ನನ್ನ ಹುಳಿಪುಡಿಯನ್ನು ಮೂಸಿ ನೋಡಿ ಬಿಟ್ಟರು, ಮೆಂತ್ಯಕಾಳು ಕಸದ ಬುಟ್ಟಿಗೆ ಹೋಯಿತು.

ಸ್ಯಾಂಟಿಯಾಗೋದಲ್ಲಿ ನಾಲ್ಕು ದಿನ ಇದ್ದೆ. ಬರೆಯುವಂಥದ್ದೇನಿಲ್ಲ.

ಶಾಲೆ ಇದ್ದದ್ದು ಟೆಮುಕೊ ಹತ್ತಿರದ ಒಂದು ಸಣ್ಣ ಊರಲ್ಲಿ. ಕ್ಲಾಸಿನಲ್ಲಿ 38 ಮಕ್ಕಳು. ಚಿಕ್ಕವರು ‘ತೀಯಾ’ ಅಂತಾರೆ, ಅಂದರೆ ಅತ್ತೆ, ಚಿಕ್ಕಮ್ಮ ಎಲ್ಲಾ. ದೊಡ್ಡವರಿಗೆ ನಾನು ನಮ್ಮೂರಿನ ಹಾಗೇ ‘ಮಿಸ್’. ಬೆಳಿಗ್ಗೆ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಡದೆ ಟೀಚರ್‌ಗಳು ಮಾತೇ ಶುರು ಮಾಡಲ್ಲ. ಮೊದಲ ವಾರ ನಾನು ಕೈಮುಗಿದು ಹಿಂದೆ ಸರಿದು ನಗೆಪಾಟಲಾದೆ. ಅಂಕ 1ರಿಂದ 7ರವರೆಗೆ, ಪಾಸಾಗಲು 4 ಬೇಕು. ಹತ್ತಕ್ಕೆ ಆರು ಕೊಟ್ಟ ಲೆಕ್ಕದಲ್ಲಿ ಎಲ್ಲರಿಗೂ 6 ಹಾಕಿಬಿಟ್ಟಿದ್ದೆ. ಆ ವಾರ ಮಕ್ಕಳಿಗೆ ನನ್ನ ಮೇಲೆ ಪ್ರೀತಿಯೋ ಪ್ರೀತಿ. ಪುಸ್ತಕದಲ್ಲಿ ಕಲಿತ ಸ್ಪ್ಯಾನಿಷ್ ಅಲ್ಲಿ ನಡೆಯಲ್ಲ. ಮಾತು ಮಾತಿಗೂ ‘ಕಚಾಯ್?’, ಗೊತ್ತಾಯ್ತಾ ಅಂತ. ‘ಸೀ ಪೋ’ ಅಂದರೆ ನಮ್ಮ ‘ಹೌದು ಕಣೇ’.

ಜುಲೈ ಅಂದರೆ ಅಲ್ಲಿ ಚಳಿಗಾಲ. ಜನಜಂಗುಳಿ ಎಷ್ಟಿದ್ದರೂ ನನಗೆ ಸರಿ, ಚಳಿ ಮಾತ್ರ ಆಗಲ್ಲ. ನಾನು ಉಳಿದಿದ್ದ ಮನೆಗೆಲ್ಲಾ ಒಂದೇ ಸೌದೆ ಒಲೆ, ಅದು ಅಡುಗೆಮನೆಯಲ್ಲಿ. ಮಲಗೋ ಕೋಣೆ ಐಸ್‌ಪೆಟ್ಟಿಗೆ. ಮನೆಯಮ್ಮ ರಾತ್ರಿ ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಡುತ್ತಿದ್ದರು, ಅದಕ್ಕೆ ‘ಗ್ವಾತೇರೊ’ ಅಂತಾರೆ. ಬೇರೇನೂ ಕೊಳ್ಳದಿದ್ದರೂ ಅದೊಂದನ್ನು ಕೊಳ್ಳಿ. ಇನ್ನೊಂದು ಆಘಾತ, ರಾತ್ರಿ ಊಟ ಇಲ್ಲ! ಸಂಜೆ ಏಳಕ್ಕೆ ‘ಒನ್ಸೆ’ ಅಂತ ಚಹಾ, ಬ್ರೆಡ್, ಉಪ್ಪು ಹಾಕಿ ಕಿವುಚಿದ ಬೆಣ್ಣೆಹಣ್ಣು. ಅಷ್ಟೇ, ಆ ದಿನ ಮುಗಿಯಿತು.

ಹಾಗಾಗಿ ಮಧ್ಯಾಹ್ನವೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಶನಿವಾರ ಬಂದರೆ ನಾನು ಟೆಮುಕೊದ ಫೇರಿಯಾ ಪಿಂಟೊ ಸಂತೆಗೆ ಓಡುತ್ತಿದ್ದೆ. ಅಲ್ಲಿನ ಮೂಲನಿವಾಸಿಗಳಾದ ಮಪುಚೆ ಹೆಂಗಸರು ಸೊಪ್ಪು, ಬೀನ್ಸ್, ‘ಮೆರ್ಕೆನ್’ ಹರವಿಕೊಂಡು ಕೂತಿರುತ್ತಾರೆ. ಮೆರ್ಕೆನ್ ಅಂದರೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ, ಜೊತೆಗೆ ಕೊತ್ತಂಬರಿ ಬೀಜ. ಮೂಗಿಗೆ ಬಡಿದಾಗ ಅಜ್ಜಿಮನೆ ಅಟ್ಟವೇ ನೆನಪಾಯಿತು. ಅಲ್ಲೇ ಸಾಲಾಗಿ ಪುಟ್ಟ ಊಟದಂಗಡಿಗಳಿವೆ. ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಇದ್ದದ್ದು ಆರೇ ಕುರ್ಚಿ, ಅಪರಿಚಿತರ ಭುಜಕ್ಕೆ ಭುಜ ತಾಗಿಸಿಯೇ ಕೂರಬೇಕು. ‘ಪೊರೋತೋಸ್ ಕೊನ್ ರಿಯೆಂಡಾಸ್’ ಕೇಳಿ. ಹೆಸರಿನ ಅರ್ಥ ಲಗಾಮಿರುವ ಬೀನ್ಸ್. ಲಗಾಮು ಅಂದರೆ ನೂಡಲ್ಸ್! ಬೀನ್ಸ್ ಕಾಳು, ಸಿಹಿಗುಂಬಳ ಕರಗುವಷ್ಟು ಬೆಂದಿರುತ್ತೆ, ಮುದ್ದೆ ಒಂದು ಇದ್ದಿದ್ದರೆ ಅನ್ನಿಸುವ ಹದ. ಜೊತೆಗೆ ಹಿಟ್ಟಿಗೆ ಕುಂಬಳಕಾಯಿ ಹಾಕಿ ಎಣ್ಣೆಯಲ್ಲಿ ಕರಿದ ಪೂರಿಯಂಥ ಸೊಪಾಯ್‌ಪಿಯಾ, ಅದರ ಮೇಲೆ ಹಸಿ ಕೊತ್ತಂಬರಿ, ಈರುಳ್ಳಿ, ಮೆಣಸಿನಕಾಯಿಯ ‘ಪೆಬ್ರೆ’. ಎಲ್ಲಾ ಸೇರಿ 3,500 ಪೆಸೊ ಕೊಟ್ಟೆ, ನಮ್ಮ ಮುನ್ನೂರು ಚಿಲ್ಲರೆ ರೂಪಾಯಿ.

ಸಸ್ಯಾಹಾರಿಗಳಿಗೆ ಒಂದು ಮಾತು. ‘ಸಿನ್ ಕಾರ್ನೆ’ (ಮಾಂಸ ಇಲ್ಲದ್ದು) ಅಂತ ಹೇಳಿದರೆ ಸಾಲದು. ಕಾರ್ನೆ ಅಂದರೆ ದನದ ಮಾಂಸ ಅಂತಲೇ ಹೆಚ್ಚಿನವರ ಲೆಕ್ಕ, ಕೋಳಿ ಹಾಕಿ ಕೊಟ್ಟುಬಿಡುತ್ತಾರೆ. ಬೀನ್ಸಿಗೆ ‘ಸಿನ್ ಲೊಂಗಾನಿಸಾ’ ಅಂತ ಬಿಡಿಸಿ ಹೇಳಿ, ಅದು ಹಂದಿ ಸಾಸೇಜ್. ಒಂದೂವರೆಯೊಳಗೆ ಹೋಗಿ. ಎರಡು ಗಂಟೆಗೆ ಹೋದ ದಿನ ನನಗೆ ಸಿಕ್ಕಿದ್ದು ಬರೀ ನೂಡಲ್ಸ್.