ಮಿ ಸೋನ್‌ನಲ್ಲಿ ಅಪ್ಪನ ಅರ್ಧ ಪ್ರದಕ್ಷಿಣೆ

ವಿಯೆಟ್ನಾಂ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮುಂಚೆ ಒಂದು ಮಾತು ಕೇಳಿ: ಪಟ್ಟಿಯಲ್ಲಿ ಮಿ ಸೋನ್, ಅಂದರೆ ಅಲ್ಲಿನ ಹಳೇ ಶಿವಾಲಯಗಳ ಕಣಿವೆ, ಇದೆಯಾ? ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಬಾ ನಾ ಬೆಟ್ಟದ ಮೇಲೆ ಎರಡು ದೊಡ್ಡ ಕೈಗಳು ಎತ್ತಿ ಹಿಡಿದಂತಿರುವ ಸೇತುವೆಗೆ ಮಾತ್ರ ಇಡೀ ದಿನ ಇಟ್ಟಿದ್ದರು. 2018ರಲ್ಲಿ ತೆರೆದ ಆ ಸೇತುವೆ ಫೋಟೋಗೆ ಚೆನ್ನ. ಅದಕ್ಕಿಂತ ಹೆಚ್ಚಿನದೇನೂ ನನಗೆ ಅಲ್ಲಿ ಸಿಗಲಿಲ್ಲ. ಜಗಳ ಮಾಡಿಯೇ ಮಿ ಸೋನ್ ಸೇರಿಸಿಕೊಂಡೆ.

ವೀಸಾ ವಿಚಾರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಮೈಸೂರಿನ ಏಜೆಂಟರೊಬ್ಬರು ಅವ್ವನ ಇ-ವೀಸಾ ಅರ್ಜಿಯಲ್ಲಿ ಹುಟ್ಟಿದ ದಿನ, ತಿಂಗಳನ್ನು ಅದಲುಬದಲು ಮಾಡಿದ್ದರು. ಒಮ್ಮೆ ಕಟ್ಟಿದ ಶುಲ್ಕ ವಾಪಸ್ ಬರಲ್ಲ. ಹೊಸ ಅರ್ಜಿಯ 25 ಡಾಲರನ್ನೂ ನಮ್ಮಿಂದಲೇ ವಸೂಲಿ ಮಾಡಿದರು. ಅರ್ಜಿ ಯಾರೇ ತುಂಬಲಿ, ಕಳಿಸುವ ಮುಂಚೆ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ನಮ್ಮ ಮಂಡ್ಯ ಕಡೆಯವರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್, ಅಪ್ಪನ ಹೆಸರು ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತೆ. ಅಲ್ಲಿರುವ ಹಾಗೇ ವೀಸಾದಲ್ಲೂ ಇರಬೇಕು.

ದುಡ್ಡಿನಲ್ಲೂ ಎಚ್ಚರ. 20,000 ಡಾಂಗ್ ನೋಟೂ ನೀಲಿ, 5 ಲಕ್ಷದ್ದೂ ನೀಲಿ. ಮೊದಲನೆಯದು ನಮ್ಮ ಎಪ್ಪತ್ತು ರೂಪಾಯಿ ಆಸುಪಾಸು, ಎರಡನೆಯದು ಸಾವಿರದ ಆರುನೂರು ದಾಟುತ್ತೆ. ಅವ್ವ ಮೊದಲ ಸಂಜೆಯೇ ದೊಡ್ಡ ನೋಟುಗಳನ್ನೆಲ್ಲ ಬೇರೆ ಪರ್ಸಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೊನೆಯವರೆಗೂ ಅದೇ ಪದ್ಧತಿ. ನೀವೂ ಹಾಗೇ ಮಾಡಿ.

ಹನೋಯ್, ಹಾ ಲಾಂಗ್ ಕೊಲ್ಲಿ ಎಲ್ಲ ಚೆನ್ನಾಗಿದ್ದವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ.

ಮಿ ಸೋನ್ ಇರೋದು ಹೋಯಿ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಸುತ್ತ ಬೆಟ್ಟವಿರುವ ಕಣಿವೆಯೊಳಗೆ. ಬಿಸಿಲೇರಿದರೆ ಧಗೆ ತಡೆಯಕ್ಕಾಗಲ್ಲ, ಬೆಳಿಗ್ಗೆ ಬೇಗ ಹೋಗಿ. ನಾಲ್ಕನೇ ಶತಮಾನದಲ್ಲಿ ಈ ಕಡೆ ಆಳುತ್ತಿದ್ದ ಚಾಮ್ ಜನರ ಚಂಪಾ ರಾಜ್ಯದ ಭದ್ರವರ್ಮ ಅನ್ನುವ ರಾಜ ಇಲ್ಲಿ ಭದ್ರೇಶ್ವರ ಅನ್ನುವ ಹೆಸರಿನಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ. ಆಮೇಲೆ ಸಾವಿರ ವರ್ಷದ ಹತ್ತಿರ ಗುಡಿ ಮೇಲೆ ಗುಡಿ ಎದ್ದವು. ಕೆಂಪು ಇಟ್ಟಿಗೆಯ ಗೋಡೆಗಳು, ನಡುವೆ ಗಾರೆಯ ಗೆರೆ ಕಣ್ಣಿಗೇ ಬೀಳಲ್ಲ. ಅಪ್ಪ ಉಗುರಿನಲ್ಲಿ ಸಂದು ಹುಡುಕಿದರು, ಸಿಗಲಿಲ್ಲ. 1969ರ ಅಮೆರಿಕದ ಬಾಂಬು ದಾಳಿಯಲ್ಲಿ ಎಷ್ಟೋ ಗುಡಿಗಳು ಕುಸಿದವು. ಬಾಂಬು ಬಿದ್ದ ಗುಂಡಿಗಳು ಈಗಲೂ ಹುಲ್ಲು ಮುಚ್ಚಿಕೊಂಡು ಹಾಗೇ ಇವೆ. ನಮ್ಮ ಪುರಾತತ್ವ ಇಲಾಖೆಯವರು ಇಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರಲ್ಲಿ, ಒಂಬತ್ತನೇ ಶತಮಾನದ ಏಕಶಿಲೆಯ ಲಿಂಗವೊಂದು ಸಿಕ್ಕಿತು.

ಅವತ್ತು ಸೋಮವಾರ. ಅಪ್ಪ ಲಿಂಗದ ಪೀಠದ ಹತ್ತಿರ ಹೋಗಿ ಮೊದಲು ಅಭಿಷೇಕದ ನೀರು ಹೋಗುವ ಬಾಯಿ ನೋಡಿದರು. "ಬಡಗಲಿಗೇ ಐತೆ ಕಣ್ಲಾ. ಕಟ್ದೋರು ತಿಳ್ದೋರೇ" ಅಂದರು. ನಮ್ಮ ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಏನಂದರು ಅಂತ ನನ್ನನ್ನು ಕೇಳಿದಳು. ಹೇಳಿದೆ. "ನಿಮ್ಮೂರಲ್ಲಿ ಇದಕ್ಕೆ ಇನ್ನೂ ಪೂಜೆ ನಡೆಯುತ್ತಾ?" ಅಂದಳು. ಅಪ್ಪ ವಾಚ್ ನೋಡಿಕೊಂಡರು. ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದಿದೆ.

"ಈಗ ನಮ್ಮೂರಲ್ಲಿ ಆರೂವರೆ. ಐನೋರು ಬಾಗ್ಲು ತೆಗ್ದು ಅಭಿಷೇಕಕ್ಕೆ ನೀರು ತತ್ತಾ ಇರ್ತಾರೆ ಅನ್ನು."

ಆ ಹುಡುಗಿ ಪೀಠದ ಅಳತೆ, ಶತಮಾನ, ಶೈಲಿ ಎಲ್ಲ ಬಲ್ಲವಳು. ಆದರೆ ಮೇಲೆ ಹುಯ್ದ ನೀರು ಎಲ್ಲಿಂದ ಹೇಗೆ ಇಳಿಯುತ್ತೆ, ಜನ ಅದನ್ನು ಏನು ಮಾಡುತ್ತಾರೆ ಅಂತ ಹೇಳುವವರೇ ಅವಳಿಗೆ ಸಿಕ್ಕಿರಲಿಲ್ಲ. ಅಪ್ಪ ಬೊಗಸೆಯಲ್ಲಿ ನೀರು ಹುಯ್ಯುವ ಹಾಗೆ ಮಾಡಿ, ಬೆರಳಿನಲ್ಲಿ ದಾರಿ ತೋರಿಸಿದರು. "ಅದು ತೀರ್ಥ. ದಾಟಂಗಿಲ್ಲ. ಅದ್ಕೇ ಪೂರ್ತಿ ಸುತ್ತು ಹಾಕಲ್ಲ, ಇಲ್ಲಿಗಂಟ ಬಂದು ಹಿಂದಕ್ಕೋಯ್ತೀವಿ" ಅಂತ ನಡೆದೂ ತೋರಿಸಿದರು. ಅವಳು ಅವರ ಹಿಂದೆಯೇ ನಡೆದಳು, ಬಾಯಿಯ ಹತ್ತಿರ ನಿಂತಳು, ತಿರುಗಿ ಅದೇ ದಾರಿಯಲ್ಲಿ ಬಂದಳು. ಫೋನ್‌ನಲ್ಲಿ ಬರೆದುಕೊಂಡು, ಇನ್ನೊಂದು ಸಲ ತೋರಿಸಿ ಅಂತ ವಿಡಿಯೋ ಮಾಡಿಕೊಂಡಳು. ಕಬ್ಬಿನ ಗದ್ದೆ ಬಿಟ್ಟು ದೂರ ಹೋದವರಲ್ಲ ನಮ್ಮಪ್ಪ. ಅಲ್ಲಿ ಅವರು ಮಾತಾಡಿದ್ದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಸೋಮವಾರ ನಮ್ಮಲ್ಲಿ ಬಾಡು ಮುಟ್ಟಲ್ಲ. ವಿಯೆಟ್ನಾಂನಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತೆ, 'ಚಾಯ್' (Chay) ಅಂತ ಬೋರ್ಡ್ ಇರುವ ಹೋಟೆಲೇ ಹುಡುಕಿ. ಅದು ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ. ಅಲ್ಲಿ ಬೌದ್ಧರು ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಮಾಂಸ ಬಿಡುವುದರಿಂದ ಇಂಥ ಹೋಟೆಲುಗಳಿಗೆ ಬರವಿಲ್ಲ. ದಾರಿಯಲ್ಲಿ ಕಬ್ಬಿನ ಹಾಲು ಕುಡಿದೆವು. ಗಾಣಕ್ಕೆ ಕಬ್ಬಿನ ಜೊತೆ ಗೋಲಿಯಷ್ಟು ಸಣ್ಣ ಕಿತ್ತಳೆಯನ್ನು ಸಿಪ್ಪೆ ಸಮೇತ ಕೊಡುತ್ತಾರೆ, ಆ ಘಮ ನಮ್ಮ ಶುಂಠಿ-ನಿಂಬೆಗಿಂತ ಒಂದು ಕೈ ಮೇಲು. ಅಪ್ಪ ಎರಡನೇ ಲೋಟ ಕೇಳಿ ಕುಡಿದರು.

ಮಿ ಸೋನ್‌ನ ಒಳ್ಳೊಳ್ಳೆಯ ಶಿಲ್ಪಗಳು ಈಗ ಡಾ ನಾಂಗ್‌ನ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿವೆ. ಮೊದಲು ಕಣಿವೆ ನೋಡಿ, ಆಮೇಲೆ ಅಲ್ಲಿಗೆ ಹೋಗಿ. ಋಷಿಗಳು ಕೊಳಲೂದುವುದನ್ನು, ಪಾಠ ಹೇಳುವುದನ್ನು ಕೆತ್ತಿದ ಏಳನೇ ಶತಮಾನದ ಪೀಠ ಒಂದಕ್ಕೇ ಅರ್ಧ ಗಂಟೆ ಬೇಕು. ಪ್ಯಾಕೇಜಿನವರು ಅವಸರ ಮಾಡುತ್ತಾರೆ. ಎರಡು ಗಂಟೆ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿಬಿಡಿ.