ರಾತ್ರಿ ಎಂಟಕ್ಕೆ ತಡವರಿಸುತ್ತಿದ್ದ ಸಂಪರ್ಕ

ಮೂರು ವಾರಗಳ ಕಾಲ ನಮ್ಮ ಮನೆಯಲ್ಲಿ ರಾತ್ರಿ ಎಂಟು ಗಂಟೆಯಾಗುತ್ತಿದ್ದಂತೆ ಮಗಳ ಆನ್‌ಲೈನ್ ಪಾಠ ತುಂಡುತುಂಡಾಗುತ್ತಿತ್ತು. ಶಿಕ್ಷಕಿಯ ಮುಖ ಪರದೆಯ ಮೇಲೆ ಹಾಗೆಯೇ ನಿಂತುಬಿಡುತ್ತಿತ್ತು, ಮಾತು ನಡುನಡುವೆ ಕಡಿದುಹೋಗುತ್ತಿತ್ತು, ಮಗಳು ಕೇಳಿದ ಪ್ರಶ್ನೆ ಆ ಕಡೆಗೆ ಮುಟ್ಟುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತಿತ್ತು. ಸೇವೆ ಕೊಡುವ ಕಂಪನಿಗೆ ಫೋನ್ ಮಾಡಿದಾಗಲೆಲ್ಲ ರೂಟರ್ ಆಫ್ ಮಾಡಿ ಆನ್ ಮಾಡಲು ಹೇಳುತ್ತಿದ್ದರು. ಹಾಗೆ ಮಾಡಿದರೆ ಹತ್ತು ನಿಮಿಷ ಎಲ್ಲವೂ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಪಾಡು. ಈ ಹತ್ತು ನಿಮಿಷದ ನೆಮ್ಮದಿಯೇ ನನ್ನನ್ನು ಬಹಳ ದಿನ ದಾರಿ ತಪ್ಪಿಸಿತು ಎಂಬುದು ಕೊನೆಯಲ್ಲಷ್ಟೇ ತಿಳಿಯಿತು.

ಮೂರನೆಯ ವಾರದ ಕೊನೆಗೆ ನಾನು ಊಹಿಸುವುದನ್ನು ಬಿಟ್ಟು ಒಂದು ನೋಟ್‌ಬುಕ್ ತೆಗೆದುಕೊಂಡೆ. ಪ್ರತಿ ಸಲ ಪರೀಕ್ಷೆ ಮಾಡಿದಾಗ ಸಮಯ, ಯಾವ ಕೋಣೆ, ಯಾವ ಸಾಧನ, ವೈ-ಫೈಯೋ ಕೇಬಲ್ಲೋ, ಬಂದ ಸಂಖ್ಯೆ ಎಷ್ಟು ಎಂದು ಬರೆದಿಡತೊಡಗಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲಿತಾಂಶ ಬರೆಯುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ ಎಂದು ನಿರ್ಧರಿಸಿದೆ. ಅಲ್ಲಿಯವರೆಗೆ ನಾನು ಒಂದೇ ಸಂಜೆಯಲ್ಲಿ ರೂಟರನ್ನು ಬೇರೆಡೆ ಇಟ್ಟು, ವೈ-ಫೈ ಚಾನೆಲ್ ಬದಲಿಸಿ, ಜಾಲತಾಣದ ಹೆಸರನ್ನು ವಿಳಾಸವಾಗಿಸುವ ಸೇವೆಯಾದ ಡಿಎನ್‌ಎಸ್ ವಿಳಾಸವನ್ನೂ ಬದಲಿಸಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಕುಳಿತಿದ್ದೆ.

ಬರೆಯಲು ಕುಳಿತಾಗ ಮೊದಲು ಸ್ಪಷ್ಟವಾದದ್ದು, 'ಇಂಟರ್‌ನೆಟ್ ಸ್ಲೋ ಆಗಿದೆ' ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ ಎಂಬುದು. ಒಂದು ಸೆಕೆಂಡಿನಲ್ಲಿ ಎಷ್ಟು ದತ್ತಾಂಶ ಸಾಗುತ್ತದೆ ಎಂಬುದು ಒಂದು. ಸ್ಪೀಡ್ ಟೆಸ್ಟ್ ದೊಡ್ಡ ಅಕ್ಷರಗಳಲ್ಲಿ ತೋರಿಸುವುದು ಇದನ್ನೇ. ಒಂದು ಪ್ಯಾಕೆಟ್ (ದತ್ತಾಂಶದ ಚಿಕ್ಕ ತುಣುಕು) ಹೋಗಿ ಉತ್ತರ ಬರಲು ಹಿಡಿಯುವ ಸಮಯ, ಅಂದರೆ ವಿಳಂಬ, ಎರಡನೆಯದು. ಕಳಿಸಿದ ಪ್ಯಾಕೆಟ್‌ಗಳಲ್ಲಿ ಎಷ್ಟು ದಾರಿಯಲ್ಲೇ ಕಳೆದುಹೋಗುತ್ತವೆ ಎಂಬುದು ಮೂರನೆಯದು. ದೊಡ್ಡ ಫೈಲ್ ಇಳಿಸಿಕೊಳ್ಳುವವರಿಗೆ ಮೊದಲನೆಯದು ಮುಖ್ಯವಾದರೆ, ಎದುರುಬದುರು ಮಾತನಾಡುವವರಿಗೆ ಉಳಿದೆರಡೇ ಪ್ರಾಣ. ವೀಡಿಯೊ ಕರೆಗೆ ಕೆಲವೇ ಎಂಬಿಪಿಎಸ್ ಸಾಕು, ಆದರೆ ಪ್ಯಾಕೆಟ್‌ಗಳು ಹೊತ್ತಿಗೆ ಸರಿಯಾಗಿ ಬರಬೇಕು. (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್. ಇದರಲ್ಲಿರುವುದು ಬಿಟ್, ಬೈಟ್ ಅಲ್ಲ. 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಫೈಲ್ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್‌ನಂತೆ ಇಳಿಯುತ್ತದೆ. ಇದು ತಿಳಿಯದೆ ಸರಿಯಾಗಿರುವ ಸಂಪರ್ಕದ ಮೇಲೆ ದೂರು ಕೊಟ್ಟವರನ್ನು ನಾನು ಕಂಡಿದ್ದೇನೆ.)

ಮೊದಲು ಮಾಡಬೇಕಾದದ್ದು ವೈ-ಫೈಯನ್ನು ಲೆಕ್ಕದಿಂದ ಹೊರಗಿಡುವುದು. ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲ್ ಮೂಲಕ ಜೋಡಿಸಿ, ಅದರ ವೈ-ಫೈ ಆಫ್ ಮಾಡಿ, ಬೆಳಿಗ್ಗೆ ಮನೆ ಶಾಂತವಾಗಿದ್ದಾಗ ಪರೀಕ್ಷಿಸಿದೆ. ನಮ್ಮದು 200 ಎಂಬಿಪಿಎಸ್ ಡೌನ್‌ಲೋಡ್, 20 ಎಂಬಿಪಿಎಸ್ ಅಪ್‌ಲೋಡ್ ಇರುವ ಯೋಜನೆ. ಬಂದದ್ದು 94. ಮರುದಿನವೂ 94, ಅದರ ಮರುದಿನವೂ 94. ಸಂಪರ್ಕವೇ ದುರ್ಬಲವಾಗಿದ್ದರೆ ಸಂಖ್ಯೆ ಏರಿಳಿಯುತ್ತದೆ. ಹೀಗೆ ಒಂದೇ ಕಡೆ ಬಂದು ನಿಂತರೆ ಅಲ್ಲೊಂದು ತಡೆ ಇದೆ ಎಂದು ಅರ್ಥ, ಅದರಲ್ಲೂ 94 ಎಂಬುದು ಗುರುತಿಟ್ಟುಕೊಳ್ಳಬೇಕಾದ ಸಂಖ್ಯೆ. 100 ಎಂಬಿಪಿಎಸ್ ಈಥರ್ನೆಟ್ ಕೊಂಡಿಯಲ್ಲಿ ಪ್ರತಿ ಪ್ಯಾಕೆಟ್ಟಿನ ಮೇಲೆ ವಿಳಾಸ ಮೊದಲಾದವನ್ನು ಹೊತ್ತ ತಲೆಬರಹಗಳಿಗೆ ಖರ್ಚಾಗುವ ಪಾಲನ್ನು ಕಳೆದರೆ ಬಳಕೆಗೆ ಉಳಿಯುವುದು ಸುಮಾರು ಇಷ್ಟೇ.

ರೂಟರಿನ ಸ್ಥಿತಿ ತೋರಿಸುವ ಪುಟ ತೆರೆದಾಗ ಅನುಮಾನ ಖಚಿತವಾಯಿತು. ಲ್ಯಾಪ್‌ಟಾಪಿನ ಕಡೆಯ ಕೊಂಡಿ 1000 ಎಂದಿತ್ತು, ಫೈಬರ್ ಪೆಟ್ಟಿಗೆಯಿಂದ ರೂಟರಿಗೆ ಬರುವ ಕೊಂಡಿ 100 ಎಂದಿತ್ತು. ಈಥರ್ನೆಟ್ ಕೇಬಲ್ಲಿನೊಳಗೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. 1000 ಎಂಬಿಪಿಎಸ್ ಓಡಲು ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಆದ್ದರಿಂದ ಒಂದು ತಂತಿ ತುಂಡಾದರೂ ಸಂಪರ್ಕ ಕಡಿದುಹೋಗಬೇಕೆಂದಿಲ್ಲ. ಎರಡೂ ತುದಿಯ ಯಂತ್ರಗಳು ಹಲವು ಸಲ ತಮ್ಮಲ್ಲೇ 100ಕ್ಕೆ ಒಪ್ಪಂದ ಮಾಡಿಕೊಂಡು ಸದ್ದಿಲ್ಲದೆ ಕೆಲಸ ಮುಂದುವರಿಸುತ್ತವೆ. ನಮ್ಮ ಕೇಬಲ್ ಕಪಾಟಿನ ಹಿಂದೆ ಗೋಡೆಗೆ ಒತ್ತಿಕೊಂಡು ಚೂಪಾಗಿ ಮಡಚಿಹೋಗಿತ್ತು. ಬೇರೆ ಕೇಬಲ್ ಹಾಕಿದ ಕೂಡಲೇ ಬೆಳಗಿನ ಪರೀಕ್ಷೆ 200ರ ಹತ್ತಿರ ಬಂತು. ಅರ್ಧಕ್ಕಿಂತ ಹೆಚ್ಚು ವೇಗವನ್ನು ಎಷ್ಟು ತಿಂಗಳಿನಿಂದ ಕಳೆದುಕೊಂಡಿದ್ದೆವೋ ಎಂದು ಬೇಸರವಾಯಿತು. ಆದರೆ ಅಂದು ರಾತ್ರಿ ಎಂಟಕ್ಕೆ ಪಾಠ ಎಂದಿನಂತೆಯೇ ತಡವರಿಸಿತು.

ಮಗಳು ಕೂರುವ ಕೋಣೆ ರೂಟರಿನಿಂದ ಎರಡು ಗೋಡೆ ಆಚೆ ಇದೆ. ಅಲ್ಲಿ ವೈ-ಫೈ ಸಿಗ್ನಲ್ ಮೈನಸ್ 74 ಡಿಬಿಎಂ ಇತ್ತು. ಈ ಅಳತೆಯಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಬಹಳ ಚೆನ್ನ, ಮೈನಸ್ 70 ದಾಟಿದರೆ ತೊಂದರೆ ಶುರು, ಮತ್ತು ಪ್ರತಿ 3 ಡಿಬಿ ಇಳಿತಕ್ಕೆ ಶಕ್ತಿ ಅರ್ಧವಾಗುತ್ತದೆ. 5 ಗಿಗಾಹರ್ಟ್ಸ್ ಅಲೆಗಳು ವೇಗವಾಗಿ ದತ್ತಾಂಶ ಒಯ್ದರೂ ಗೋಡೆಯಲ್ಲಿ ಬೇಗ ಸೊರಗುತ್ತವೆ. 2.4 ಗಿಗಾಹರ್ಟ್ಸ್ ಅಲೆಗಳು ದೂರ ಹೋಗುತ್ತವೆ, ಆದರೆ ಅಲ್ಲಿ ಅಕ್ಕಪಕ್ಕದ ಮನೆಗಳ ರೂಟರುಗಳು, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಒಂದೇ ಜಾಗಕ್ಕೆ ಮುಗಿಬೀಳುತ್ತವೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಖಾಲಿ ಕಾಣುತ್ತಿದೆ ಎಂದು 4ನ್ನೋ 8ನ್ನೋ ಆರಿಸಿದರೆ ಎರಡು ಗುಂಪುಗಳ ಗದ್ದಲವನ್ನೂ ಕೇಳಬೇಕಾಗುತ್ತದೆ. ಟಿವಿಯ ಹಿಂದೆ ಅಡಗಿದ್ದ ರೂಟರನ್ನು ಮನೆಯ ನಡುವಿನ ಎತ್ತರದ ಕಪಾಟಿನ ಮೇಲಿಟ್ಟಾಗ ಕೋಣೆಯ ಸಿಗ್ನಲ್ ಮೈನಸ್ 61ಕ್ಕೆ ಬಂತು. ವೈ-ಫೈ ತೊಂದರೆಗೆ ಇದಕ್ಕಿಂತ ಒಳ್ಳೆಯ ಮೊದಲ ಉಪಾಯವನ್ನು ನಾನು ಕಂಡಿಲ್ಲ. ಹಣ ಕೊಟ್ಟು ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ ತರುವ ಮುನ್ನ ಇದನ್ನು ಮಾಡಿ ನೋಡಲೇಬೇಕು. ಆದರೂ ರಾತ್ರಿಯ ಕಾಟಕ್ಕೆ ಇದು ಕಾರಣವಲ್ಲ ಎಂಬುದು ನೋಟ್‌ಬುಕ್ಕಿನಲ್ಲೇ ಇತ್ತು, ಏಕೆಂದರೆ ಕೇಬಲ್ ಹಾಕಿದ ಲ್ಯಾಪ್‌ಟಾಪಿನಲ್ಲೂ ಎಂಟು ಗಂಟೆಗೆ ಅದೇ ತಡವರಿಕೆ ದಾಖಲಾಗಿತ್ತು.

ಆಗ ಪಿಂಗ್‌ಗೆ ಮೊರೆಹೋದೆ. 1983ರ ಡಿಸೆಂಬರ್‌ನಲ್ಲಿ ಮೈಕ್ ಮೂಸ್ ಬರೆದ ಈ ಪುಟ್ಟ ಪ್ರೋಗ್ರಾಂ ಒಂದು ಪ್ಯಾಕೆಟ್ ಕಳಿಸಿ, ಉತ್ತರ ಬರಲು ಹಿಡಿದ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಹೇಳುತ್ತದೆ, ಅಷ್ಟೇ. ಎರಡು ಕಿಟಕಿಗಳನ್ನು ತೆರೆದು ಒಂದರಲ್ಲಿ ಮನೆಯ ರೂಟರಿಗೂ ಇನ್ನೊಂದರಲ್ಲಿ ಹೊರಗಿನ 1.1.1.1 ವಿಳಾಸಕ್ಕೂ ಸಂಜೆ ಏಳರಿಂದ ಒಂಬತ್ತರವರೆಗೆ ಬಿಡದೆ ಪಿಂಗ್ ಮಾಡಿಸಿದೆ. ರೂಟರಿನ ಉತ್ತರ ಎರಡು ಗಂಟೆಯೂ 1 ಮಿಲಿಸೆಕೆಂಡಿನ ಒಳಗೇ ಇತ್ತು. ಹೊರಗಿನ ಉತ್ತರ ಏಳೂಮುಕ್ಕಾಲಿನವರೆಗೆ 12ರ ಆಸುಪಾಸಿನಲ್ಲಿದ್ದು, ಆಮೇಲೆ ಕೆಲವೇ ಸೆಕೆಂಡುಗಳಲ್ಲಿ 600, 800, 1,100 ಎಂದು ಏರಿತು. ಪ್ಯಾಕೆಟ್ ಕಳೆದುಹೋಗುತ್ತಿರಲಿಲ್ಲ, ತಡವಾಗುತ್ತಿತ್ತು. ಬೆಳಕು ಫೈಬರಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 1,000 ಕಿಲೋಮೀಟರ್ ದೂರ ಹೋಗಿ ಬರಲು 10 ಮಿಲಿಸೆಕೆಂಡ್ ಸಾಕು. ಅಂದಮೇಲೆ 1,100 ಮಿಲಿಸೆಕೆಂಡ್ ದೂರದಿಂದ ಬಂದದ್ದಲ್ಲ. ಪ್ಯಾಕೆಟ್ ಎಲ್ಲೋ ಸರತಿಯಲ್ಲಿ ನಿಂತು ಕಾಯುತ್ತಿದೆ ಎಂದೇ ಅರ್ಥ.

ಎಲ್ಲಿ ಎಂದು ತಿಳಿಯಲು ದಾರಿಯ ಪ್ರತಿ ನಿಲ್ದಾಣವನ್ನೂ ತೋರಿಸುವ ಟ್ರೇಸ್‌ರೂಟ್ ಓಡಿಸಿದೆ. ವಿಳಂಬ ನಮ್ಮ ರೂಟರ್ ದಾಟಿದ ಮೊದಲ ನಿಲ್ದಾಣದಲ್ಲೇ, ಅಂದರೆ ಕಂಪನಿಯ ಮೊದಲ ಯಂತ್ರದ ಉತ್ತರದಲ್ಲೇ ಕಾಣಿಸಿತು. ಎಲ್ಲರೂ ಮನೆಗೆ ಬಂದು ವೀಡಿಯೊ ನೋಡುವ ಹೊತ್ತಿನಲ್ಲಿ ಕಂಪನಿಯ ಜಾಲ ಕಿಕ್ಕಿರಿಯುವುದುಂಟು. ಅದೇ ಕಾರಣವೆಂದು ನಾನು ನಂಬಿ ಲಿಖಿತ ದೂರನ್ನೂ ಕೊಟ್ಟೆ. ಆ ನಂಬಿಕೆಯಲ್ಲಿ ಒಂದು ಬಿರುಕಿತ್ತು. ರೂಟರಿಗೂ ಕಂಪನಿಯ ಮೊದಲ ಯಂತ್ರಕ್ಕೂ ನಡುವಿನ ಕೊಂಡಿಯನ್ನು ಕಂಪನಿಯೂ ತುಂಬಿಸಬಹುದು, ನಮ್ಮ ಮನೆಯವರೇ ತುಂಬಿಸಲೂಬಹುದು, ಮತ್ತು ಟ್ರೇಸ್‌ರೂಟಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ತೀರಾ ಸರಳ. ಮರುದಿನ ರಾತ್ರಿ ಪಿಂಗ್ 900 ಮುಟ್ಟಿದಾಗ, ಕೇಬಲ್ ಹಾಕಿದ ಲ್ಯಾಪ್‌ಟಾಪ್ ಒಂದನ್ನು ಬಿಟ್ಟು ಮನೆಯ ಉಳಿದ ಎಲ್ಲ ಸಾಧನಗಳ ಸಂಪರ್ಕ ತೆಗೆದೆ. ಪಿಂಗ್ ಆ ಕ್ಷಣವೇ 12ಕ್ಕೆ ಇಳಿಯಿತು. ಎಂಟೂಕಾಲು ಗಂಟೆ, ಕಂಪನಿಯ ಜಾಲ ಅತಿ ಹೆಚ್ಚು ಕಿಕ್ಕಿರಿದಿರಬೇಕಾದ ಹೊತ್ತು, ಉತ್ತರ 12 ಮಿಲಿಸೆಕೆಂಡಿನಲ್ಲಿ ಬರುತ್ತಿದೆ. ಒಂದೊಂದೇ ಸಾಧನವನ್ನು ಮರಳಿ ಸೇರಿಸುತ್ತ ಹೋದೆ. ಟಿವಿ ಸೇರಿತು, ಏನೂ ಆಗಲಿಲ್ಲ. ಮಗಳ ಟ್ಯಾಬ್ ಸೇರಿತು, ಏನೂ ಆಗಲಿಲ್ಲ. ನನ್ನದೇ ಮೊಬೈಲ್ ಸೇರಿತು; ನಾಲ್ಕೈದು ನಿಮಿಷ ಸುಮ್ಮನಿದ್ದ ಪಿಂಗ್ ಮತ್ತೆ 900 ದಾಟಿತು.

ಕೆಲಸದಿಂದ ಬಂದು ಏಳೂವರೆ ದಾಟಿದ ಮೇಲೆ ನಾನು ಮೊಬೈಲನ್ನು ಚಾರ್ಜಿಗೆ ಹಾಕುತ್ತೇನೆ. ಚಾರ್ಜರ್ ಮತ್ತು ವೈ-ಫೈ ಎರಡೂ ಸಿಕ್ಕ ಕೂಡಲೇ ಅದು ದಿನದ ಫೋಟೊ, ವೀಡಿಯೊಗಳನ್ನು ಕ್ಲೌಡ್‌ಗೆ ಏರಿಸತೊಡಗುತ್ತಿತ್ತು. 20 ಎಂಬಿಪಿಎಸ್ ಅಪ್‌ಲೋಡ್ ಎಂದರೆ ಸೆಕೆಂಡಿಗೆ 2.5 ಮೆಗಾಬೈಟ್. ಹೊರಹೋಗುವ ದಾರಿಯಲ್ಲಿ ಪ್ಯಾಕೆಟ್‌ಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಬಫರ್‌ನಲ್ಲಿ 2.5 ಮೆಗಾಬೈಟ್ ತುಂಬಿಕೊಂಡರೆ, ಹೊಸದಾಗಿ ಬಂದ ಪ್ಯಾಕೆಟ್ ಪೂರಾ ಒಂದು ಸೆಕೆಂಡ್ ಸರತಿಯಲ್ಲಿ ನಿಲ್ಲಬೇಕು. ಮಗಳ ಧ್ವನಿ ಹೊತ್ತ ಚಿಕ್ಕ ಪ್ಯಾಕೆಟ್ ನನ್ನ ವೀಡಿಯೊಗಳ ರಾಶಿಯ ಹಿಂದೆ ನಿಂತಿತ್ತು. ಡೌನ್‌ಲೋಡ್ ಕೂಡ ಇದರಿಂದ ಕುಂಟುತ್ತದೆ, ಏಕೆಂದರೆ ಇಳಿದ ದತ್ತಾಂಶಕ್ಕೆ 'ತಲುಪಿತು' ಎಂಬ ರಸೀದಿಗಳು ಅದೇ ಸರತಿಯಲ್ಲಿ ಹೊರಹೋಗಬೇಕು. ರೂಟರ್ ಆಫ್ ಮಾಡಿ ಆನ್ ಮಾಡಿದಾಗ ಕೆಲ ನಿಮಿಷ ನೆಮ್ಮದಿ ಸಿಗುತ್ತಿದ್ದ ಗುಟ್ಟೂ ಇದೇ: ಮೊಬೈಲಿನ ಅಪ್‌ಲೋಡ್ ಕಡಿದುಹೋಗಿ, ಮತ್ತೆ ಶುರುವಾಗಲು ಅಷ್ಟು ಹೊತ್ತು ಬೇಕಾಗುತ್ತಿತ್ತು. ಅದಕ್ಕೇ ರೂಟರನ್ನು ಮರುಚಾಲನೆ ಮಾಡುವ ಮುನ್ನ ಒಂದು ನಿಮಿಷ ಪಿಂಗ್ ನೋಡಿ ಬರೆದಿಟ್ಟುಕೊಳ್ಳಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಮರುಚಾಲನೆ ಕೆಲವೊಮ್ಮೆ ನಿಜಕ್ಕೂ ರೋಗ ವಾಸಿಮಾಡುತ್ತದೆ, ಆದರೆ ಅದರ ಕುರುಹನ್ನು ಪ್ರತಿ ಸಲವೂ ಅಳಿಸಿಹಾಕುತ್ತದೆ.

ಈ ತೊಂದರೆಗೆ ಬಫರ್‌ಬ್ಲೋಟ್ ಎಂಬ ಹೆಸರಿದೆ. ಸುಮಾರು 2010ರಲ್ಲಿ ಜಿಮ್ ಗೆಟಿಸ್ ಎಂಬ ತಂತ್ರಜ್ಞರು ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಕಂಡು, ಬೆನ್ನುಹತ್ತಿ, ಎಲ್ಲರ ಗಮನಕ್ಕೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 'ಕೋಡೆಲ್' ಎಂಬ ವಿಧಾನವನ್ನು ಪ್ರಕಟಿಸಿದರು. ಸರತಿಯ ಉದ್ದವನ್ನಲ್ಲ, ಪ್ಯಾಕೆಟ್ ಅದರಲ್ಲಿ ಎಷ್ಟು ಹೊತ್ತು ಕಾದಿದೆ ಎಂಬುದನ್ನು ನೋಡಿ, ಕಾಯುವಿಕೆ ಮುಂದುವರಿದರೆ ಒಂದೆರಡು ಪ್ಯಾಕೆಟ್‌ಗಳನ್ನು ಬೇಕೆಂದೇ ಎಸೆದು, ಕಳಿಸುವವರಿಗೆ ನಿಧಾನಿಸುವಂತೆ ಸೂಚಿಸುವುದು ಅದರ ಬಗೆ. ಪ್ರತಿ ಸಂವಾದಕ್ಕೂ ಬೇರೆ ಸರತಿ ಮಾಡಿಕೊಡುವ ಅದರ ಮುಂದಿನ ರೂಪ ಎಫ್‌ಕ್ಯೂ-ಕೋಡೆಲ್. ಇದು ಬಂದರೆ ದೊಡ್ಡ ಅಪ್‌ಲೋಡ್ ತನ್ನ ಪಾಡಿಗೆ ನಡೆಯುತ್ತಿರುವಾಗಲೂ ಮಾತಿನ ಪ್ಯಾಕೆಟ್ ಪಕ್ಕದಿಂದ ಸಾಗಿಹೋಗುತ್ತದೆ.

ನಮ್ಮ ರೂಟರಿನ ಸೆಟ್ಟಿಂಗ್‌ನಲ್ಲಿ ಇದು ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಮೊದಲಿನಿಂದಲೂ ಇತ್ತು, ಆಫ್ ಆಗಿತ್ತು. ಆನ್ ಮಾಡಿ ಅಪ್‌ಲೋಡ್ ಮಿತಿಯನ್ನು 18 ಎಂಬಿಪಿಎಸ್‌ಗೆ ಇಳಿಸಿದೆ. ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಇಡಲೇಬೇಕು, ಆಗಲೇ ಸರತಿ ಮುಂದಿನ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ಹಿಡಿತದಲ್ಲಿರುವ ರೂಟರಿನಲ್ಲೇ ನಿಲ್ಲುತ್ತದೆ. ಈ ಸೌಲಭ್ಯವಿಲ್ಲದ ರೂಟರ್ ಇದ್ದವರು ಫೋಟೊ ಬ್ಯಾಕಪ್ಪನ್ನು ಮಲಗುವ ಹೊತ್ತಿಗೆ ಮುಂದೂಡಿದರೂ ಬಹುಪಾಲು ಕೆಲಸವಾಗುತ್ತದೆ. ಕೆಲವು ಸ್ಪೀಡ್ ಟೆಸ್ಟ್‌ಗಳು ಈಗ ಸಂಪರ್ಕ ಖಾಲಿ ಇದ್ದಾಗಿನ ಪಿಂಗ್ ಜೊತೆಗೆ ಅದು ತುಂಬಿದಾಗಿನ ಪಿಂಗನ್ನೂ ತೋರಿಸುತ್ತವೆ. ಮನೆಬಳಕೆಯವರು ಮೊದಲು ನೋಡಬೇಕಾದದ್ದು ಈ ಎರಡರ ಅಂತರವನ್ನು.

ಡಿಎನ್‌ಎಸ್ ಬದಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹೆಸರನ್ನು ವಿಳಾಸವಾಗಿಸುವ ಆ ಸೇವೆ ನಿಧಾನವಾಗಿದ್ದರೆ ಪುಟ ತೆರೆಯಲು ಶುರುವಾಗುವುದೇ ತಡವಾಗುತ್ತದೆ, ಹಾಗಿದ್ದಾಗ ಬದಲಿಸುವುದು ಸರಿ. ಆದರೆ ಶುರುವಾದ ವೀಡಿಯೊ ನಡುವೆ ನಿಲ್ಲುವುದಕ್ಕೆ ಅದು ಸಾಮಾನ್ಯವಾಗಿ ಮದ್ದಲ್ಲ.

ತಪ್ಪು ಕಂಪನಿಯ ಕಡೆಯೇ ಇರುವುದೂ ಉಂಟು. ಎಲ್ಲ ಸಾಧನಗಳನ್ನು ತೆಗೆದ ಮೇಲೂ ವಿಳಂಬ ಇಳಿಯದಿದ್ದರೆ, ಅಥವಾ ಕೇಬಲ್ಲಿನಲ್ಲೂ ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದರೆ, ಫೈಬರ್ ಪೆಟ್ಟಿಗೆಯ ಪುಟದಲ್ಲಿ ಬೆಳಕಿನ ಶಕ್ತಿ ಎಷ್ಟಿದೆ ಎಂದು ನೋಡಿ. ಮನೆಗಳಿಗೆ ಬರುವ ಜಿಪಾನ್ ಎಂಬ ಬಗೆಯ ಫೈಬರ್ ಸಂಪರ್ಕಗಳಲ್ಲಿ ಅದು ಸಾಮಾನ್ಯವಾಗಿ ಮೈನಸ್ 27 ಡಿಬಿಎಂ ಸುತ್ತಮುತ್ತ ತನ್ನ ಎಲ್ಲೆ ಮುಟ್ಟುತ್ತದೆ, ಮತ್ತು ಫೈಬರ್ ಎಲ್ಲೋ ಚೂಪಾಗಿ ಬಾಗಿದ್ದರೂ ತುದಿಗೆ ಧೂಳು ಕೂತಿದ್ದರೂ ಅಲ್ಲಿಗೆ ಇಳಿಯಬಹುದು. ಸಮಯ ಸಹಿತ ಬರೆದಿಟ್ಟ ಸಂಖ್ಯೆಗಳನ್ನು ಮುಂದಿಟ್ಟರೆ ದೂರು ಬೇಗ ತಂತ್ರಜ್ಞರ ಕೈಸೇರುತ್ತದೆ.

ಎಸ್‌ಕ್ಯೂಎಂ ಆನ್ ಮಾಡಿದ ರಾತ್ರಿ ಮೊಬೈಲನ್ನು ಬೇಕೆಂದೇ ಏಳೂವರೆಗೆ ಚಾರ್ಜಿಗೆ ಹಾಕಿದೆ. ಎಂಟೂಹತ್ತಕ್ಕೆ ಅದು 18 ಎಂಬಿಪಿಎಸ್‌ನಲ್ಲಿ ವೀಡಿಯೊ ಏರಿಸುತ್ತಿತ್ತು, ಪಿಂಗ್ 19 ಇತ್ತು, ಒಳಕೋಣೆಯಲ್ಲಿ ಮಗಳು ಪ್ರಶ್ನೆ ಕೇಳಿ ಅಲ್ಲಿಂದಲ್ಲಿಗೇ ಉತ್ತರ ಪಡೆಯುತ್ತಿದ್ದಳು. ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಮರುದಿನ ಬೆಳಿಗ್ಗೆ ಕಂಪನಿಗೆ ಫೋನ್ ಮಾಡಿ, ತೊಂದರೆ ನಮ್ಮ ಮನೆಯೊಳಗೇ ಇತ್ತೆಂದು ತಿಳಿಸಿ, ನಾನು ಕೊಟ್ಟಿದ್ದ ದೂರನ್ನು ಹಿಂದಕ್ಕೆ ಪಡೆದೆ.